ಸೀಳಿದ ಶಿಖರ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ವಿಜ್ಞಾನದ ಚರಿತ್ರೆಯನ್ನು ಹೇಳುವಾಗ ನಾವು ಸಾಮಾನ್ಯವಾಗಿ ಗೆದ್ದವರ ಕಥೆಯನ್ನೇ ಹೇಳುತ್ತೇವೆ. ಸಿದ್ಧಾಂತಿಯೊಬ್ಬ ಭವಿಷ್ಯ ನುಡಿದ, ಪ್ರಯೋಗಕಾರ ಅದನ್ನು ಪರೀಕ್ಷಿಸಿದ, ನುಡಿದದ್ದು ನಿಜವಾಯಿತು. ಇಷ್ಟು ಹೇಳಿ ಮುಗಿಸಿದರೆ ಹೇಳುವವರಿಗೂ ಹಿತ, ಕೇಳುವವರಿಗೂ ಹಿತ. ಇಂದು ನನಗೆ ದೊರೆತಿರುವ ಅಲ್ಪಾವಧಿಯಲ್ಲಿ ಅಂಥ ಒಂದು ಗೆಲವಿನ ಕಥೆಯ ಜೊತೆಗೆ ಒಂದು ಸೋಲಿನ ಕಥೆಯನ್ನೂ ಹೇಳಬೇಕೆಂದಿದ್ದೇನೆ. ಎರಡೂ 1961ರಿಂದ 1971ರವರೆಗಿನ ಒಂದೇ ದಶಕಕ್ಕೆ ಸೇರಿದವು. ಎರಡರಲ್ಲಿಯೂ ಕೇಳಿದ ಪ್ರಶ್ನೆ ಒಂದೇ: ಒಂದರ ಮೇಲೊಂದು ಕವಿದಿರುವ ಎರಡು ಅನುನಾದಗಳನ್ನು ಗುರುತಿಸುವುದು ಹೇಗೆ?

ಮೊದಲು ಅನುನಾದವೆಂದರೇನೆಂದು ನೋಡೋಣ. ತಂಬೂರಿಯ ಶ್ರುತಿ ಕೂಡಿಸುವುದನ್ನು ಹತ್ತಿರ ಕುಳಿತು ಕೇಳಿದವರಿಗೆ ಒಂದು ವಿಷಯ ತಿಳಿದಿರುತ್ತದೆ. ನಡುವಿನ ಎರಡು ತಂತಿಗಳು ಬಹುಮಟ್ಟಿಗೆ ಕೂಡಿ, ಇನ್ನೂ ಪೂರ್ತಿ ಕೂಡದಿರುವಾಗ ನಾದವು ಅಲೆಅಲೆಯಾಗಿ ಏರುತ್ತದೆ, ಇಳಿಯುತ್ತದೆ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 202 ಸಲ ಕಂಪಿಸುತ್ತಿದ್ದರೆ ಸೆಕೆಂಡಿಗೆ ಎರಡು ಸಲ ನಾದ ಉಬ್ಬಿ ಎರಡು ಸಲ ಕುಗ್ಗುತ್ತದೆ. ತಂತಿಗಳು ಎರಡಾದರೂ ಕಿವಿಗೆ ಬೀಳುವುದು ಎರಡು ಗಟ್ಟಿತನಗಳ ಬರಿಯ ಮೊತ್ತವಲ್ಲ. ಒಂದು ಕ್ಷಣ ಒಂದನ್ನೊಂದು ಪೋಷಿಸಿ, ಮರುಕ್ಷಣ ಒಂದನ್ನೊಂದು ನುಂಗುವ ಅಲೆಗಳ ಕೂಟ ಅದು. ಈ ನುಂಗುವಿಕೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ನಮ್ಮ ಇಡೀ ಕಥೆ ಅದರ ಮೇಲೆ ನಿಂತಿದೆ.

ತಂತಿಗೆ ತನ್ನದೇ ಆದ ಒಂದು ಶ್ರುತಿಯಿರುವಂತೆ ಪರಮಾಣು ಬೀಜಕ್ಕೂ ತನ್ನದೇ ಆದ ಶಕ್ತಿಯ ಮಟ್ಟಗಳಿವೆ. ನಿಧಾನವಾಗಿ ಚಲಿಸುವ ನ್ಯೂಟ್ರಾನು ಬೀಜವನ್ನು ಸಮೀಪಿಸಿದಾಗ ಅದರ ಶಕ್ತಿ ಅಂಥ ಒಂದು ಮಟ್ಟಕ್ಕೆ ಸರಿಹೊಂದಿದರೆ ಬೀಜವು ಅದನ್ನು ತಟ್ಟನೆ ಹೀರಿಕೊಳ್ಳುತ್ತದೆ. ಶಕ್ತಿ ಸ್ವಲ್ಪ ಆಚೀಚೆಯಾದರೆ ಉದಾಸೀನವಾಗಿರುತ್ತದೆ. 1936ರಲ್ಲಿ ಗ್ರೆಗರಿ ಬ್ರೈಟ್ ಮತ್ತು ಯೂಜೀನ್ ವಿಗ್ನರ್ ಇದಕ್ಕೊಂದು ಸೂತ್ರವನ್ನು ಕೊಟ್ಟರು. ಅದನ್ನು ನಕ್ಷೆಯಾಗಿ ಬರೆದರೆ ಒಂದೇ ಶಿಖರದ ಒಂದು ಚೆಲುವಾದ ಗುಡ್ಡ ಕಾಣುತ್ತದೆ. ಶಿಖರವಿರುವ ಸ್ಥಳ ಅನುನಾದದ ಶಕ್ತಿಯನ್ನು ಹೇಳುತ್ತದೆ. ಗುಡ್ಡದ ಅಗಲ ಅದರ ಆಯುಸ್ಸನ್ನು ಹೇಳುತ್ತದೆ. ಗುಡ್ಡ ಅಗಲವಾದಷ್ಟೂ ಆಯುಸ್ಸು ಅಲ್ಪ.

1952ರಲ್ಲಿ ಷಿಕಾಗೋ ನಗರದಲ್ಲಿ ಎನ್ರಿಕೋ ಫರ್ಮಿ ಮತ್ತು ಅವರ ಸಂಗಡಿಗರು ಪಯಾನು ಎಂಬ ಕಣಗಳನ್ನು ಪ್ರೋಟಾನುಗಳ ಮೇಲೆ ಹಾಯಿಸಿದಾಗ ಇಂಥದೇ ಗುಡ್ಡದ ಏರು ಕಾಣಿಸಿತು. ಅಲ್ಲಿಂದ ಮುಂದೆ ಅನುನಾದಗಳೇ ಕಣಗಳ ಪಟ್ಟಿಗೆ ಸೇರತೊಡಗಿದವು. ಕಣವೆಂದು ಕರೆದರೂ ಅವುಗಳ ಬಾಳು ಎಷ್ಟರದು? ಈ ಕಥೆಯ ನಾಯಕನಾದ ಎ-2 ಎಂಬ ಮೆಸಾನಿನ ಗುಡ್ಡದ ಅಗಲ ಸುಮಾರು 100 ಎಂಇವಿ. ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟು; ಪ್ರೋಟಾನಿನ ದ್ರವ್ಯರಾಶಿ ಈ ಮಾನದಲ್ಲಿ 938. ಆ ಅಗಲದಿಂದ ಲೆಕ್ಕ ಹಾಕಿದರೆ ಎ-2 ಹುಟ್ಟಿ ಸಾಯುವುದರೊಳಗೆ ಬೆಳಕು ಕೂಡ ಒಂದು ಪ್ರೋಟಾನಿನ ವ್ಯಾಸದಷ್ಟು ದೂರವನ್ನು ಮಾತ್ರ ದಾಟೀತು. ಇಂಥ ಕಣವನ್ನು ಯಾರೂ ನೋಡಲಾರರು. ನೋಡುವುದು ಗುಡ್ಡವನ್ನು ಮಾತ್ರ. ಆದುದರಿಂದ ಗುಡ್ಡದ ಆಕಾರವನ್ನು ಓದುವುದೇ ಈ ಶಾಸ್ತ್ರದ ಜೀವಾಳವಾಯಿತು.

ಈಗ ಎರಡು ಗುಡ್ಡಗಳು ಒಂದರ ಮೇಲೊಂದು ಬಿದ್ದಿವೆಯೆನ್ನಿ. ಅವು ಒಂದೇ ಬಗೆಯ ಕಣಗಳಾಗಿ ಒಡೆಯುವುದಾದರೆ ಎತ್ತರಗಳನ್ನು ಕೂಡಿಸಿದರೆ ಸಾಲದು, ಅಲೆಗಳನ್ನೇ ಕೂಡಿಸಬೇಕು. ಒಂದೊಂದೂ ಪ್ರತ್ಯೇಕವಾಗಿ ಒಂದು ಪಾಲು ಕೊಡುವಲ್ಲಿ ಎರಡೂ ಕೂಡಿ ನಾಲ್ಕು ಪಾಲು ಕೊಡಬಹುದು, ಏನೂ ಕೊಡದೆಯೂ ಇರಬಹುದು. ಶಿಖರವಿರಬೇಕಾದ ಕಡೆ ಕಣಿವೆ ತೋರಬಹುದು.

ಗೆಲವಿನ ಕಥೆಯನ್ನು ಮೊದಲು ಹೇಳುತ್ತೇನೆ. 1961ರಲ್ಲಿ ರೋ ಮತ್ತು ಒಮೇಗ ಎಂಬ ಎರಡು ಮೆಸಾನುಗಳು ಬೆಳಕಿಗೆ ಬಂದವು. ರೋ ಗುಡ್ಡವು 775 ಎಂಇವಿಯ ಬಳಿ ಇದೆ, ಸುಮಾರು 150ರಷ್ಟು ಅಗಲವಾಗಿದೆ. ಒಮೇಗ 783ರ ಬಳಿ ಇದೆ, ಅಗಲ ಒಂಬತ್ತಕ್ಕಿಂತ ಕಡಿಮೆ. ವಿಸ್ತಾರವಾದ ಗುಡ್ಡದ ನೆತ್ತಿಯ ಪಕ್ಕದಲ್ಲಿ ಧ್ವಜಸ್ತಂಭವನ್ನು ನೆಟ್ಟ ಹಾಗೆ ಅವುಗಳ ಸ್ಥಿತಿ. ಆದರೆ ರೋ ಒಡೆದು ಎರಡು ಪಯಾನುಗಳಾಗುತ್ತದೆ, ಒಮೇಗ ಮುಖ್ಯವಾಗಿ ಮೂರಾಗುತ್ತದೆ. ಬೀಜಬಲದ ಸಮಮಿತಿಯು ಒಮೇಗ ಎರಡು ಪಯಾನುಗಳಾಗಿ ಒಡೆಯುವುದನ್ನು ನಿಷೇಧಿಸುತ್ತದೆ. ಹೀಗಾಗಿ ಅವು ಒಂದೇ ಮನೆಯಲ್ಲಿದ್ದರೂ ಬೇರೆಬೇರೆ ಬಾಗಿಲುಗಳಿಂದ ಹೊರಬರುವ ದಾಯಾದಿಗಳು.

ಅದೇ ವರ್ಷ ಶೆಲ್ಡನ್ ಗ್ಲಾಶೋ ಒಂದು ಸೂಚನೆ ಮಾಡಿದರು. ಬೀಜಬಲದ ನಿಷೇಧವನ್ನು ವಿದ್ಯುತ್ಕಾಂತ ಬಲ ಪೂರ್ತಿಯಾಗಿ ಪಾಲಿಸುವುದಿಲ್ಲ. ಎರಡು ಅನುನಾದಗಳು ಇಷ್ಟು ಸಮೀಪದಲ್ಲಿರುವುದರಿಂದ ಆ ಅಲ್ಪ ಬಲವೂ ಅವುಗಳನ್ನು ಸ್ವಲ್ಪ ಬೆರೆಸಿಬಿಡುತ್ತದೆ. ಆದುದರಿಂದ ಒಮೇಗವೂ ಒಮ್ಮೊಮ್ಮೆ ಎರಡು ಪಯಾನುಗಳ ಬಾಗಿಲಿನಿಂದ ಹೊರಬರಬೇಕು. ಎಷ್ಟು ಸಲ? ಇಂದಿನ ಅಳತೆಯಂತೆ ನೂರಕ್ಕೆ ಒಂದೂವರೆ ಸಲ. ಇಷ್ಟು ಸಣ್ಣದನ್ನು ಅಷ್ಟು ದೊಡ್ಡ ಗುಡ್ಡದ ಮೇಲೆ ಹೇಗೆ ಹುಡುಕುವುದು? ಇಲ್ಲಿಯೇ ಅಲೆಗಳ ಕೂಟ ನೆರವಿಗೆ ಬರುತ್ತದೆ. ನೂರರಲ್ಲಿ ಒಂದೂವರೆ ಎನ್ನುವುದು ತೀವ್ರತೆಯ ಲೆಕ್ಕ. ಅಲೆಯ ಎತ್ತರದ ಲೆಕ್ಕದಲ್ಲಿ, ವರ್ಗಮೂಲ ತೆಗೆದರೆ, ಅದು ನೂರರಲ್ಲಿ ಹನ್ನೆರಡು. ಒಂಟಿಯಾಗಿದ್ದರೆ ಕಾಣದಿರುವುದು ದೊಡ್ಡ ಅಲೆಯ ಹೆಗಲೇರಿದಾಗ ಕಾಣುತ್ತದೆ.

ಆದರೂ ಆರಂಭದ ವರ್ಷಗಳಲ್ಲಿ ಗೊಂದಲವೇ ಆಯಿತು. ಪ್ರೋಟಾನಿನ ಮೇಲೆ ಪಯಾನುಗಳನ್ನು ಹೊಡೆದು ರೋ, ಒಮೇಗಗಳನ್ನು ಹುಟ್ಟಿಸಿದಾಗ ಎರಡು ಅಲೆಗಳ ಹೆಜ್ಜೆ ಒಂದೊಂದು ಕ್ರಿಯೆಯಲ್ಲಿ ಒಂದೊಂದು ರೀತಿ ಹೊಂದಿಕೊಳ್ಳುತ್ತದೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ಮತ್ತೊಂದು ಕಡೆ ಏನೂ ಇಲ್ಲ. ಶುದ್ಧವಾದ ಪರೀಕ್ಷೆ ಬೇಕಿತ್ತು. ಅದು ಫ್ರಾನ್ಸಿನ ಓರ್ಸೆಯಲ್ಲಿ ದೊರೆಯಿತು. ಅಲ್ಲಿನ ಸಂಗ್ರಹ ಉಂಗುರದಲ್ಲಿ ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳು ಎದುರುಬದುರಾಗಿ ಹರಿದು ಡಿಕ್ಕಿ ಹೊಡೆಯುತ್ತಿದ್ದವು. ಶ್ರುತಿ ಬಿರಡೆಯನ್ನು ತಿರುಗಿಸಿದಂತೆ ಅವುಗಳ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ ಗುಡ್ಡದ ಉದ್ದಕ್ಕೂ ನಡೆಯಬಹುದಾಗಿತ್ತು. 1969ರಲ್ಲಿ ಅಲ್ಲಿಂದ ರೋ-ಒಮೇಗ ವ್ಯತಿಕರಣದ ವರದಿ ಪ್ರಕಟವಾಯಿತು. ಅನಂತರ ನೊವೊಸಿಬಿರ್ಸ್ಕ್ ಮೊದಲಾದ ಕಡೆಗಳಲ್ಲಿ ನಡೆದ ಇನ್ನೂ ಸೂಕ್ಷ್ಮವಾದ ಪ್ರಯೋಗಗಳಲ್ಲಿ ಒಮೇಗ ಇರಬೇಕಾದ ಸ್ಥಳದಲ್ಲಿಯೇ ಗುಡ್ಡವು ಕಡಿದ ಬಂಡೆಯಂತೆ ಒಮ್ಮೆಲೆ ಇಳಿಯುವುದನ್ನು ನಿಚ್ಚಳವಾಗಿ ನೋಡಬಹುದು. ಅಳೆದವರು ಬದಲಾದರು, ಉಪಕರಣ ಬದಲಾಯಿತು, ದೇಶ ಬದಲಾಯಿತು. ಆ ಇಳಿಜಾರು ಮಾತ್ರ ಅಲ್ಲಿಯೇ ಉಳಿಯಿತು.

ಇನ್ನು ಎರಡನೆಯ ಕಥೆ. ಇದರ ಪ್ರಮುಖ ಪಾತ್ರಧಾರಿ ಬೊಗ್ದಾನ್ ಮಾಗ್ಲಿಚ್. ಇವರು ಸಾಮಾನ್ಯ ವ್ಯಕ್ತಿಯಲ್ಲ. 1961ರಲ್ಲಿ ಬರ್ಕ್‌ಲಿಯ ಲೂಯಿಸ್ ಆಲ್ವರೆಜ್ ಅವರ ಜೊತೆ ಸೇರಿ ಒಮೇಗವನ್ನು ಕಂಡುಹಿಡಿದವರಲ್ಲಿ ಇವರೂ ಒಬ್ಬರು. ಅನಂತರ ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿ ಇವರ ತಂಡ ಒಂದು ಜಾಣ ಉಪಕರಣವನ್ನು ರೂಪಿಸಿತು. ಆನೆಯನ್ನು ದೋಣಿಯಲ್ಲಿ ನಿಲ್ಲಿಸಿ, ದೋಣಿ ಎಷ್ಟು ಮುಳುಗಿತೆಂದು ಗುರುತಿಟ್ಟು, ಅಷ್ಟೇ ಮುಳುಗುವಷ್ಟು ಕಲ್ಲುಗಳನ್ನು ತೂಗಿ ಆನೆಯ ತೂಕ ತಿಳಿದ ಕಥೆಯನ್ನು ನೀವು ಕೇಳಿದ್ದೀರಿ. ಇವರ ಉಪಾಯವೂ ಅಂಥದೇ. ಪಯಾನು ಪ್ರೋಟಾನಿಗೆ ಬಡಿದು ಹೊಸ ಮೆಸಾನು ಹುಟ್ಟಿದಾಗ ಆ ಮೆಸಾನನ್ನು ಹಿಡಿಯುವ ಗೋಜಿಗೆ ಹೋಗದೆ, ಏಟು ತಿಂದು ಹಿಂದೆ ಸರಿದ ಪ್ರೋಟಾನನ್ನು ಮಾತ್ರ ಅಳೆಯುವುದು. ಶಕ್ತಿ ಮತ್ತು ಸಂವೇಗಗಳ ಒಟ್ಟು ಲೆಕ್ಕ ತಪ್ಪುವಂತಿಲ್ಲವಾದ್ದರಿಂದ ಕಾಣದ ಮೆಸಾನಿನ ದ್ರವ್ಯರಾಶಿ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ಗುಳ್ಳೆ ಕೋಷ್ಠದ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸುವುದಕ್ಕಿಂತ ಇದು ಬಹಳ ವೇಗದ ಕೆಲಸ.

ಈ ಉಪಕರಣವು 1300 ಎಂಇವಿಯ ಬಳಿಯ ಎ-2 ಗುಡ್ಡದ ಮೇಲೆ ಒಂದು ವಿಚಿತ್ರವನ್ನು ತೋರಿಸಿತು. ಶಿಖರದ ನಟ್ಟನಡುವೆ ಒಂದು ಸೀಳು. 1967ರಲ್ಲಿ ತಂಡ ಇದನ್ನು ಪ್ರಕಟಿಸಿತು. 1968ರಲ್ಲಿ ಇನ್ನೊಂದು ಉಪಕರಣದಿಂದ, ಪಯಾನುಗಳ ಸಂವೇಗವನ್ನು ಬದಲಿಸಿ, ಸರ್ನ್‌ನಲ್ಲಿಯೇ ಮತ್ತೆ ಅಳೆದಾಗಲೂ ಅದು ಕಂಡಿತೆಂದು ವರದಿಯಾಯಿತು. ಬೇರೆ ಕೆಲವು ಗುಂಪುಗಳಿಗೂ ತಮ್ಮ ಗುಳ್ಳೆ ಕೋಷ್ಠದ ಚಿತ್ರಗಳಲ್ಲಿ ಅದರ ಛಾಯೆ ಕಾಣಿಸಿತು.

ಸೀಳಿಗೆ ಅರ್ಥ ಹೇಳಲು ಸಿದ್ಧಾಂತಿಗಳು ಸಿದ್ಧರಾಗಿಯೇ ಇದ್ದರು. ಅಕ್ಕಪಕ್ಕದಲ್ಲಿರುವ ಎರಡು ಗುಡ್ಡಗಳ ಎತ್ತರಗಳನ್ನು ಸುಮ್ಮನೆ ಕೂಡಿಸಿದರೆ ಅಷ್ಟು ಆಳವಾದ ಕಣಿವೆ ಬಾರದು. ಅವುಗಳ ಬಾಲಗಳು ನಡುವಿನ ಜಾಗವನ್ನು ತುಂಬಿಬಿಡುತ್ತವೆ. ಆದರೆ ಅಲೆಗಳು ಒಂದನ್ನೊಂದು ನುಂಗಿದರೆ ಬಂದೀತು. ಎರಡು ಅನುನಾದಗಳು ಪೂರ್ತಿಯಾಗಿ ಒಂದರೊಳಗೊಂದು ಐಕ್ಯವಾಗುವ ಒಂದು ವಿಶೇಷ ಸ್ಥಿತಿಯೂ ಗಣಿತದಲ್ಲಿ ಸಾಧ್ಯ. 1964ರಲ್ಲಿಯೇ ಗೋಲ್ಡ್‌ಬರ್ಗರ್ ಮತ್ತು ವಾಟ್ಸನ್ ಅದನ್ನು ವಿಚಾರ ಮಾಡಿದ್ದರು. ದ್ವಿಧ್ರುವವೆಂದು ಕರೆಯಬಹುದಾದ ಈ ಸ್ಥಿತಿಯ ರೇಖೆಗೆ ಸಮನಾದ ಎರಡು ಶಿಖರಗಳಿರುತ್ತವೆ, ನಡುವೆ ಅದು ಶೂನ್ಯಕ್ಕಿಳಿಯುತ್ತದೆ. ಎ-2 ಮಾಪನದ ಬಿಂದುಗಳ ಮೇಲೆ ಈ ರೇಖೆ ಹೊಲಿಸಿದ ಅಂಗಿಯಂತೆ ಕೂತಿತು. ಒಗಟಿಗೆ ಒಗಟೇ ಉತ್ತರವಾಗಿ ಒದಗಿದಾಗ ಮನಸ್ಸಿಗೆ ಆಗುವ ಸಂತೋಷವೇ ಬೇರೆ.

ಆದರೆ ತೊಡಕೂ ಇತ್ತು. 1964ರಲ್ಲಿ ಹುಟ್ಟಿದ ಕ್ವಾರ್ಕ್ ಕಲ್ಪನೆಯಂತೆ ಎ-2 ಒಂಟಿ ಕಣವಲ್ಲ, ಒಂಬತ್ತು ಮೆಸಾನುಗಳ ಕುಟುಂಬದ ಒಬ್ಬ ಸದಸ್ಯ. ಒಬ್ಬನು ಅವಳಿಯಾದರೆ ಉಳಿದವರೂ ಅವಳಿಗಳಾಗಬೇಕು. ಆದರೆ ಮನೆಯಲ್ಲಿ ಅಷ್ಟು ಜನರಿಗೆ ಜಾಗವೇ ಇರಲಿಲ್ಲ. ಆದುದರಿಂದ ಸೀಳು ನಿಜವಾದರೆ ಒಂದು ಗುಡ್ಡದ ಚಿತ್ರವಷ್ಟೇ ಬದಲಾಗುತ್ತಿರಲಿಲ್ಲ, ಕುಟುಂಬದ ವಂಶವೃಕ್ಷವನ್ನೇ ತಿದ್ದಿ ಬರೆಯಬೇಕಾಗುತ್ತಿತ್ತು.

ಆಗ ನಾನು ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಹೊಸದಾಗಿ ಅಧ್ಯಾಪಕನಾಗಿದ್ದೆ. ಬೆಂಗಳೂರಿಗೆ ಹೋದಾಗಲೆಲ್ಲ ಗ್ರಂಥಾಲಯದಲ್ಲಿ ಕುಳಿತು, ಹಡಗಿನಲ್ಲಿ ತಿಂಗಳುಗಟ್ಟಲೆ ತಡವಾಗಿ ಬಂದ ಪತ್ರಿಕೆಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುವುದು ನನ್ನ ಹವ್ಯಾಸ. 1970ರಲ್ಲಿ ಪದವಿ ತರಗತಿಯ ಕರಿಹಲಗೆಯ ಮೇಲೆ ಈ ಎರಡು ಶಿಖರಗಳನ್ನು ಬಹಳ ಉತ್ಸಾಹದಿಂದ ಬರೆದೆ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ಹೇಳುತ್ತಿದ್ದೇನೆಂಬ ಹೆಮ್ಮೆಯೂ ಅದರಲ್ಲಿ ಬೆರೆತಿತ್ತು.

ಅದೇ 1970ರಲ್ಲಿ ಬರ್ಕ್‌ಲಿಯ ಒಂದು ತಂಡ ಗುಳ್ಳೆ ಕೋಷ್ಠದಲ್ಲಿ ಧನ ವಿದ್ಯುದಂಶದ ಎ-2 ಮೆಸಾನನ್ನು ಅಳೆದು, ಸೀಳು ಕಾಣುವುದಿಲ್ಲವೆಂದು ಪ್ರಕಟಿಸಿತು. ಸರ್ನ್‌ನಲ್ಲಿ ಅಳೆದದ್ದು ಋಣ ವಿದ್ಯುದಂಶದ ಎ-2, ವಿಧಾನವೂ ಬೇರೆ. ವಾದಕ್ಕೆ ಇನ್ನೂ ಎಡೆಯಿತ್ತು. 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ನಾರ್ತ್‌ಈಸ್ಟರ್ನ್ ಮತ್ತು ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯಗಳ ತಂಡ ಅದೇ ಹಿಂದೆ ಸರಿದ ಪ್ರೋಟಾನಿನ ವಿಧಾನವನ್ನೇ ಅನುಸರಿಸಿ, ಧನ ಋಣ ಎರಡನ್ನೂ ಅಳೆಯಿತು. ಎರಡರಲ್ಲಿಯೂ ಒಂದೇ ಶಿಖರ. ಎ-2 ಒಡೆದು ಎರಡು ಕೆ-ಮೆಸಾನುಗಳಾಗುವ ದಾರಿಯಲ್ಲಿಯೂ ಪರೀಕ್ಷೆ ನಡೆಯಿತು. ಎರಡು ಅನುನಾದಗಳು ನಿಜವಾಗಿ ದ್ವಿಧ್ರುವವಾಗಿ ಐಕ್ಯವಾಗಿದ್ದರೆ ಯಾವ ಬಾಗಿಲಿನಿಂದ ಹೊರಬಂದರೂ ಕಣಿವೆ ಅದೇ ಸ್ಥಳದಲ್ಲಿ ತೋರಬೇಕಾಗಿತ್ತು. ಆ ಬಾಗಿಲಿನಲ್ಲಿಯೂ, ಸರ್ನ್‌ನಲ್ಲಿಯೇ ಕೆಲಸ ಮಾಡಿದ ಇನ್ನೊಂದು ತಂಡಕ್ಕೂ, ಅದು ತೋರಲಿಲ್ಲ. ಅಲ್ಲಿಗೆ ಸೀಳಿನ ಅಧ್ಯಾಯ ಮುಗಿಯಿತು. ಇಂದಿನ ಕಣಗಳ ಪಟ್ಟಿಯಲ್ಲಿ ಎ-2 ಇದೆ. ದ್ರವ್ಯರಾಶಿ ಸುಮಾರು 1318, ಅಗಲ ಸುಮಾರು 107, ಶಿಖರ ಒಂದೇ.

ಹಾಗಾದರೆ ಆ ಸೀಳು ಎಲ್ಲಿಂದ ಬಂತು? ಇದರಲ್ಲಿ ಯಾರೂ ಮೋಸ ಮಾಡಲಿಲ್ಲ. ಅವರ ಯಂತ್ರ ಒಳ್ಳೆಯದು, ಅವರ ಶ್ರಮ ದೊಡ್ಡದು. ಮುಂದೆ ಈ ಕಥೆಯನ್ನು ವಿಶ್ಲೇಷಿಸಿದವರು ಕೊಡುವ ವಿವರಣೆ ಸರಳವಾಗಿದೆ. ಮಾಪನವೆಂಬುದು ಒಂದು ದಿನದ ಕೆಲಸವಲ್ಲ. ಅನೇಕ ಸರದಿಗಳಲ್ಲಿ ನಡೆಯುತ್ತದೆ. ಒಂದು ಸರದಿಯಲ್ಲಿ ಸೀಳು ಕಾಣದಿದ್ದರೆ ಉಪಕರಣದಲ್ಲಿ ಏನೋ ದೋಷವಿರಬೇಕೆಂಬ ಸಂಶಯ ಸಹಜ. ಅಷ್ಟು ಜಟಿಲವಾದ ಉಪಕರಣದಲ್ಲಿ ಹುಡುಕಿದರೆ ಏನಾದರೊಂದು ದೋಷ ಸಿಕ್ಕಿಯೇ ಸಿಗುತ್ತದೆ; ಆ ಸರದಿಯನ್ನು ಕೈಬಿಡಲಾಗುತ್ತದೆ. ಸೀಳು ಚೆನ್ನಾಗಿ ಕಂಡ ಸರದಿಯಲ್ಲಿ ದೋಷವನ್ನು ಹುಡುಕಲು ಯಾರಿಗೂ ತೋಚುವುದಿಲ್ಲ. ಹೀಗೆ ಒಂದೊಂದು ನಿರ್ಧಾರವೂ ಪ್ರಾಮಾಣಿಕವಾಗಿದ್ದರೂ ಎಲ್ಲವೂ ಕೂಡಿ ಇಲ್ಲದ ಕಣಿವೆಯನ್ನು ತೋಡಬಲ್ಲವು.

ಆಕಸ್ಮಿಕದ ಪಾಲೂ ಇದರಲ್ಲಿರುತ್ತದೆ. ಸಂಖ್ಯಾಶಾಸ್ತ್ರದಲ್ಲಿ ಮೂರು ಪ್ರಮಾಣ ವಿಚಲನೆಗಳಷ್ಟು ದೊಡ್ಡ ಏರುಪೇರು ಕೇವಲ ಆಕಸ್ಮಿಕವಾಗಿ ಸುಮಾರು 370ರಲ್ಲಿ ಒಂದು ಸಲ ಬರುತ್ತದೆ. ನಾಲ್ಕು ವಿಚಲನೆಗಳದು ಸುಮಾರು 16,000ದಲ್ಲಿ ಒಂದು ಸಲ. ಕೇಳಲು ಇದು ಬಹಳ ಅಪರೂಪವೆನಿಸುತ್ತದೆ. ಆದರೆ 1968ರಲ್ಲಿ ಬರ್ಕ್‌ಲಿಯ ಆರ್ಥರ್ ರೋಸೆನ್‌ಫೆಲ್ಡ್ ತಮ್ಮ ಸಹೋದ್ಯೋಗಿಗಳನ್ನು ಎಚ್ಚರಿಸಿದರು: ಜಗತ್ತಿನ ಪ್ರಯೋಗಶಾಲೆಗಳಲ್ಲಿ ವರ್ಷಕ್ಕೆ ಎಷ್ಟು ನಕ್ಷೆಗಳನ್ನು ಬರೆದು ನೋಡುತ್ತೇವೆ ಎಂಬುದನ್ನು ಲೆಕ್ಕ ಹಾಕಿದರೆ, ಮೂರು ವಿಚಲನೆಗಳ ಹುಸಿ ಉಬ್ಬುಗಳು ನೂರಾರು, ನಾಲ್ಕರವೂ ಕೆಲವು, ಪ್ರತಿವರ್ಷ ಕಾಣಲೇಬೇಕು. ಕಾಣದಿದ್ದರೆ ಆಶ್ಚರ್ಯಪಡಬೇಕು. ಹೊಸತನ್ನು ಹುಡುಕುವವನ ಕಣ್ಣು ಅಂಥ ಉಬ್ಬುಗಳ ಮೇಲೆಯೇ ಹೋಗಿ ನಿಲ್ಲುತ್ತದೆ. ಇಂದು ಅನೇಕ ಪ್ರಯೋಗಗಳಲ್ಲಿ ವಿಶ್ಲೇಷಣೆಯ ನಿಯಮಗಳೆಲ್ಲ ತೀರ್ಮಾನವಾಗುವವರೆಗೆ ಉತ್ತರವನ್ನು ತಮ್ಮಿಂದ ತಾವೇ ಮರೆಮಾಡಿಕೊಳ್ಳುವ ಪದ್ಧತಿಯಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಕ್ಕಡಿ ಹಿಡಿಯುವ ಈ ವ್ರತದ ಹಿಂದೆ ಇಂಥ ಹಳೆಯ ಪಾಠಗಳಿವೆ.

ಬ್ರೂಕ್‌ಹೇವನ್ ತಂಡದ ಲೇಖನ 1971ರಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯಲ್ಲಿ ಬಂತು. ವರ್ಷದ ಕೊನೆಗೆ ಅದನ್ನು ನಾನು ಓದಿದೆ. ಓದಿದಾಗ ನನಗೆ ನೆನಪಾದದ್ದು ಜಿನೀವಾ ಅಲ್ಲ, ಅದೇ ವರ್ಷದ ಮಾರ್ಚ್ ತಿಂಗಳ ನನ್ನ ಕಾಲೇಜಿನ ಪ್ರಯೋಗಾಲಯ. ಅನುನಾದ ನಳಿಗೆಯಿಂದ ಗಾಳಿಯಲ್ಲಿ ಶಬ್ದದ ವೇಗವನ್ನು ಕಂಡುಹಿಡಿಯುವ ಪ್ರಯೋಗವನ್ನು ನಿಮ್ಮಲ್ಲಿ ಹಲವರು ಮಾಡಿರುತ್ತೀರಿ. ಶ್ರುತಿಕವೆಯನ್ನು ನಳಿಗೆಯ ಬಾಯಿಯ ಮೇಲೆ ಹಿಡಿದು, ನಾದ ಮೊಳಗುವ ಎರಡು ಎತ್ತರಗಳನ್ನು ಅಳೆಯುವುದು. ನಮ್ಮ ಹಳೆಯ ದಾಖಲೆ ಪುಸ್ತಕಗಳಲ್ಲಿ ಉತ್ತರ ಸೆಕೆಂಡಿಗೆ 345 ಮೀಟರ್ ಎಂದಿರುತ್ತಿತ್ತು. ಒಬ್ಬ ವಿದ್ಯಾರ್ಥಿ 353 ಎಂದು ತಂದ. ಮತ್ತೆ ಮಾಡೆಂದೆ. ಮತ್ತೆ 353. ಕವೆಯ ಮೇಲಿನ 512 ಎಂಬ ಅಂಕಿಯನ್ನು ಸರಿಯಾಗಿ ಓದಿದೆಯಾ, ಅಳತೆ ಕೋಲು ನೇರವಾಗಿದೆಯಾ ಎಂದೆಲ್ಲ ತನಿಖೆ ಮಾಡಿದೆ. ಮೂರನೆಯ ಸಲ ಆತ 346 ಎಂದು ಬರೆದು ತಂದ. ಸಹಿ ಮಾಡಿದೆ. ಅದೇ ಮಧ್ಯಾಹ್ನ 345 ಎಂದು ತಂದ ಇನ್ನೂ ನಾಲ್ವರಿಗೆ ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಮಾಡಿದ್ದೆ.

ಸಂಜೆ ಬಾಗಿಲು ಹಾಕುವಾಗ ಗೋಡೆಯ ಉಷ್ಣಮಾಪಕ ಕಣ್ಣಿಗೆ ಬಿತ್ತು. 36 ಡಿಗ್ರಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶಬ್ದದ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹಳೆಯ ದಾಖಲೆಗಳು 23 ಡಿಗ್ರಿಯ ಡಿಸೆಂಬರ್ ಬೆಳಗಿನವು. ತಗಡಿನ ಮಾಡಿನ ಆ ಕೋಣೆಯಲ್ಲಿ ಆ ಮಧ್ಯಾಹ್ನದ ಸರಿಯಾದ ಉತ್ತರ 353. ನಳಿಗೆಯ ಮೇಲೆ ಅದು ಕೇವಲ ಎಂಟು ಮಿಲಿಮೀಟರಿನ ವ್ಯತ್ಯಾಸ; ಅಷ್ಟನ್ನು ತಪ್ಪದೆ ಅಳೆದವನು ಅವನೊಬ್ಬನೇ. ಅವನಿಂದ ಅದನ್ನು ನಾನು ಅಳಿಸಿಹಾಕಿಸಿದೆ.

ಮರುದಿನ ಅವನನ್ನು ಕರೆದು ಹೇಳಬೇಕಾಗಿತ್ತು. ಪರೀಕ್ಷೆಯ ಕಾಲ, ಗಡಿಬಿಡಿ, ಜೊತೆಗೆ ಅಧ್ಯಾಪಕನೆಂಬ ಬಿಗುಮಾನ, ಹೇಳಲಿಲ್ಲ. ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹಿಂತಿರುಗಿದ ಮೇಲೆ ಎ-2 ಶಿಖರ ಒಂದೇ ಎಂದು ಹೊಸ ತರಗತಿಯ ಕರಿಹಲಗೆಯ ಮೇಲೆ ತಿದ್ದಿ ಬರೆದೆ. ಅಷ್ಟರಲ್ಲಿ ಹಿಂದಿನ ತರಗತಿಯವರು ಪದವಿ ಪಡೆದು ಹೋಗಿದ್ದರು. ಅವರ ಟಿಪ್ಪಣಿ ಪುಸ್ತಕಗಳಲ್ಲಿ ಸೀಳಿದ ಶಿಖರವೇ ಉಳಿದಿರಬೇಕು. ಜಿನೀವಾದವರ ತಪ್ಪನ್ನು ಜಗತ್ತು ನಾಲ್ಕು ವರ್ಷಗಳಲ್ಲಿ ತಿದ್ದಿತು, ಏಕೆಂದರೆ ಅವರು ಕಂಡದ್ದನ್ನು ಬಹಿರಂಗವಾಗಿ ಪ್ರಕಟಿಸಿದ್ದರು, ಬೇರೆಯವರು ಅಳೆದು ನೋಡಬಹುದಾಗಿತ್ತು. ನನ್ನ ಪ್ರಯೋಗಾಲಯದ ತಪ್ಪನ್ನು ತಿದ್ದಲು ಬ್ರೂಕ್‌ಹೇವನ್ ಇರಲಿಲ್ಲ.

ಆ ವಿದ್ಯಾರ್ಥಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈಗ ಅವನಿಗೂ ಎಪ್ಪತ್ತು ದಾಟಿರಬೇಕು. ಎಲ್ಲಿಯಾದರೂ ಇದನ್ನು ಕೇಳುತ್ತಿದ್ದರೆ ಅವನಿಗೆ ತಿಳಿಯಲಿ: ನಿನ್ನ ಮೊದಲನೆಯ ಉತ್ತರವೇ ಸರಿಯಾಗಿತ್ತು.